ಎಮ್ಮೆ ಮೈ ತಿಕ್ಕಿದರೂ ಎಚ್ಚರಾಗುತ್ತಿದ್ದ ಪೆಟ್ಟಿಗೆ

ನಿಪ್ಪಾಣಿಯ ಮನೆಯ ಅಟ್ಟದಿಂದ ಕಾಕಾ ಇಳಿಸಿದ್ದು ಬಿಸ್ಕತ್ತಿನ ತಗಡಿನ ಡಬ್ಬಿ. ಒಳಗೆ ಬ್ಯಾಟರಿಯ ಎರಡು ಕ್ಲಿಪ್ಪು, ಕರೀ ಬಟ್ಟೆಯದೊಂದು ಚೀಲ, ಗೇಣುದ್ದದ ಫಿಲ್ಮಿನ ತುಂಡು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಕೂದಲೆಳೆಯಂಥ ಮೂರು ಗೆರೆ ಕಾಣುತ್ತವೆ. ಸ್ವಲ್ಪ ದೂರ ನೇರವಾಗಿ ಬಂದು, ಒಮ್ಮೆಲೇ ಹಲ್ಲುಹಲ್ಲಾಗಿ, ಮತ್ತೆ ನೇರವಾಗುತ್ತವೆ. ಅಂಚಿನಲ್ಲಿ ಅರ್ಧ ಸೆಕೆಂಡಿಗೊಂದರಂತೆ ಸಣ್ಣ ಗುರುತುಗಳು. 'ಇದು ಸಣ್ಣದು. ಮನ್ಯಾಗಿನ ತಾಟು ಸೈತ ಬಿದ್ದಿರ್ಲಿಲ್ಲ,' ಅಂದರು ಕಾಕಾ. ಕೆಲಸಕ್ಕೆ ಬಾರದ ಪ್ರತಿಯೆಂದು ಬಿಸಾಡಿದ್ದನ್ನು ಎತ್ತಿಟ್ಟುಕೊಂಡಿದ್ದಂತೆ.

ಎಪ್ಪತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದ ಅವರು ಸತಾರಾ ಜಿಲ್ಲೆಯ ಕೊಯ್ನಾ ಸುತ್ತಲಿನ ಗುಡ್ಡಗಳಲ್ಲಿ ಭೂಕಂಪ ದಾಖಲಿಸುವ ಯಂತ್ರಗಳನ್ನು ನೋಡಿಕೊಂಡು ನಿವೃತ್ತರಾದವರು. ಯಂತ್ರದ ಹೆಸರು ಆಕ್ಸಲರೋಗ್ರಾಫ್. ಕಾಕಾ ಬಾಯಲ್ಲಿ ಬರೀ 'ಪೆಟ್ಟಿಗಿ'. ನಮಗೆಲ್ಲ ಗೊತ್ತಿರುವ ಭೂಕಂಪಮಾಪಕಕ್ಕೂ ಇದಕ್ಕೂ ವ್ಯತ್ಯಾಸವಿದೆ. ಭೂಕಂಪಮಾಪಕ ಬಹಳ ಸೂಕ್ಷ್ಮ, ಸಾವಿರಾರು ಕಿಲೋಮೀಟರ್ ದೂರದ ನಡುಕವನ್ನೂ ಹಿಡಿಯುತ್ತದೆ. ಆದರೆ ಪಕ್ಕದಲ್ಲೇ ದೊಡ್ಡ ಕಂಪನವಾದರೆ ಅದರ ಗೆರೆ ಅಳತೆ ಮೀರಿ ಹೋಗುತ್ತದೆ. ಆಕ್ಸಲರೋಗ್ರಾಫ್ ಮೊಂಡು ಕಿವಿಯದ್ದು. ಪಿಸುಮಾತು ಕೇಳಿಸಿಕೊಳ್ಳುವುದಿಲ್ಲ, ಕೂಗಿದರೆ ಒಂದಕ್ಷರ ಬಿಡದೆ ಬರೆದುಕೊಳ್ಳುತ್ತದೆ. ಕಟ್ಟಡ, ಸೇತುವೆ, ಅಣೆಕಟ್ಟು ಕಟ್ಟುವವರಿಗೆ ಬೇಕಾದದ್ದು ಆ ಕೂಗು. ಅದು ಪೂರ್ತಿಯಾಗಿ ಸಿಗುವುದು ಸ್ತರಭಂಗದ ಬಳಿ, ಅಂದರೆ ನೆಲದೊಳಗಿನ ಬಂಡೆ ಸೀಳಿ ಜಾರುವ ಸಾಲಿನ ಮಗ್ಗುಲಲ್ಲಿ. ದೂರ ಹೋದಂತೆ ಅಲೆ ಸವೆಯುತ್ತದೆ. ಸೀಳು ನಮ್ಮತ್ತ ಓಡಿ ಬರುತ್ತಿದ್ದರಂತೂ ಶಕ್ತಿಯೆಲ್ಲ ಒಟ್ಟುಗೂಡಿ ಒಂದೆರಡು ದೊಡ್ಡ ನೂಕಾಗಿ ಬಡಿಯುತ್ತದೆ.

ಹಳೆಯ ಪೆಟ್ಟಿಗೆ ಸದಾ ಓಡುತ್ತಿರಲಿಲ್ಲ. ನೆಲ ಗುರುತ್ವದ ನೂರರಲ್ಲೊಂದು ಪಾಲಿನಷ್ಟು ಅಲುಗಿದರೆ ಒಳಗಿನ ಸ್ಟಾರ್ಟರ್ ಎಚ್ಚರಾಗಿ, ದೀಪ ಹೊತ್ತಿ, 70 ಮಿ.ಮೀ. ಫಿಲ್ಮು ಸುತ್ತತೊಡಗುತ್ತಿತ್ತು. ಕನ್ನಡಿಗಳಿಂದ ಪುಟಿದ ಬೆಳಕು ಅದರ ಮೇಲೆ ಗೆರೆ ಎಳೆಯುತ್ತಿತ್ತು. ಎಚ್ಚರಾಗುವ ಮೊದಲಿನ ಕ್ಷಣ ಮಾತ್ರ ತಪ್ಪಿಹೋಗುತ್ತಿತ್ತು. ಈಗಿನ ಡಿಜಿಟಲ್ ಯಂತ್ರ ಹಿಂದಿನ ಕೆಲವು ಸೆಕೆಂಡುಗಳನ್ನೂ ನೆನಪಿಟ್ಟುಕೊಂಡಿರುತ್ತದೆ, ಗಡಿಯಾರವನ್ನು ಜಿಪಿಎಸ್‌ನಿಂದ ಹೊಂದಿಸಿಕೊಳ್ಳುತ್ತದೆ.

'ಬ್ಯಾಟರಿ ಸತ್ರ ಪೆಟ್ಟಿಗಿ ಸತ್ತಂಗ,' ಕಾಕಾ ಬೆರಳು ಮಡಚಿದರು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು, ಇರುವೆ ಗುಡಿಸುವುದು, ಮೂಲೆಯಲ್ಲಿ ಹಲ್ಲಿ ಇಟ್ಟ ಮೊಟ್ಟೆ ತೆಗೆಯುವುದು, ಕರೀ ಚೀಲದೊಳಗೆ ಕೈ ತೂರಿಸಿ ಕಣ್ಣಿಲ್ಲದವರ ಹಾಗೆ ಫಿಲ್ಮು ಬದಲಿಸುವುದು. ಮಳೆಗಾಲದಲ್ಲಿ ಗುಡ್ಡ ಹತ್ತಿದರೆ ಕಾಲ ತುಂಬ ಜಿಗಣೆ. ಒಮ್ಮೆ ಬಾಗಿಲು ತೆಗೆದರೆ ಫಿಲ್ಮೆಲ್ಲ ಖಾಲಿ. ಎಷ್ಟು ಭೂಕಂಪವಾಯಿತೋ ಅಂತ ಗಾಬರಿಯಿಂದ ತೊಳೆಸಿ ನೋಡಿದರೆ ಒಂದೂ ಇಲ್ಲ. ಊರವನೊಬ್ಬ ಎಮ್ಮೆಯನ್ನು ಆ ಕೋಣೆಯ ಗೋಡೆಗೇ ಕಟ್ಟಿದ್ದ. ಅದು ತುರಿಕೆಯಾದಾಗಲೆಲ್ಲ ಮೈ ತಿಕ್ಕಿದೆ, ಪೆಟ್ಟಿಗೆ ಆಗೆಲ್ಲ ನಿಷ್ಠೆಯಿಂದ ಬರೆದುಕೊಂಡಿದೆ.

'ನಮ್ದು ಏನೂ ಆಗದಿದ್ದಾಗ ಮಾಡೂ ಕೆಲ್ಸ, ತಮ್ಮಾ. ಆದ ಮ್ಯಾಲ ಮಾಡಾಕ ಏನೂ ಉಳಿಯಂಗಿಲ್ಲ.'

ಕೊಯ್ನಾಕ್ಕೆ ಇಷ್ಟೊಂದು ಕಾವಲು ಬಂದದ್ದು 1967ರ ಡಿಸೆಂಬರ್ 11ರ ನಸುಕಿನ ನಂತರ. ಕೊಯ್ನಾ ನದಿ ನಮಗೇನೂ ಹೊರಗಿನದಲ್ಲ, ಕರಾಡದಲ್ಲಿ ಕೃಷ್ಣೆಗೆ ಸೇರಿ ನಮ್ಮ ಬೆಳಗಾವಿ, ಬಾಗಲಕೋಟೆಗಳಿಗೆ ಬರುವ ನೀರೇ. ದಖ್ಖನ್ನಿನ ನೆಲ ಅಲುಗದ ನೆಲವೆಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಕೊಯ್ನಾ ಅಣೆಕಟ್ಟಿನ ಜಲಾಶಯ ತುಂಬತೊಡಗಿದ ಮೇಲೆ ಸಣ್ಣ ಕಂಪನಗಳು ಶುರುವಾದವು. ಆ ದಿನ ಬೆಳಗಿನ 4 ಗಂಟೆ 21 ನಿಮಿಷಕ್ಕೆ 6.3ರ ತೀವ್ರತೆಯದು ಬಂತು. ಸುಮಾರು 200 ಜನ ಸತ್ತರು. 103 ಮೀಟರ್ ಎತ್ತರದ ಅಣೆಕಟ್ಟು ನಿಂತಿತು, ಆದರೆ ಮೇಲ್ಭಾಗದಲ್ಲಿ, ಇಳಿಜಾರು ಬದಲಾಗುವ ಕಡೆ, ಬಿರುಕು ಬಿಟ್ಟಿತು. ಆಮೇಲೆ ಅದಕ್ಕೆ ಆನಿಕೆಯ ಗೋಡೆ ಕೊಟ್ಟು ಬಲಪಡಿಸಿದರು.

ಅದೃಷ್ಟವೋ ಮುಂದಾಲೋಚನೆಯೋ, ಅಣೆಕಟ್ಟಿನೊಳಗಿನ ಗ್ಯಾಲರಿಯಲ್ಲಿ ಒಂದು ಆಕ್ಸಲರೋಗ್ರಾಫ್ ಇತ್ತು. ಅಣೆಕಟ್ಟನ್ನು ಗುರುತ್ವದ ಶೇ. 5ರಷ್ಟು ನೂಕನ್ನು ಲೆಕ್ಕಹಿಡಿದು ಕಟ್ಟಿದ್ದರು. ಪೆಟ್ಟಿಗೆ ಬರೆದುಕೊಂಡದ್ದು ಶೇ. 63. ರೂರ್ಕಿಯ ಎಂಜಿನಿಯರ್ ಜೈಕೃಷ್ಣ ಮತ್ತು ಸಂಗಡಿಗರು 1969ರಲ್ಲಿ ಆ ದಾಖಲೆಯನ್ನು ವಿಶ್ಲೇಷಿಸಿ ಪ್ರಕಟಿಸಿದರು. ಸುಮಾರು ಹತ್ತು ಸೆಕೆಂಡಿನ ಆ ಗೆರೆಯನ್ನು ಜಗತ್ತಿನ ಅಣೆಕಟ್ಟು ಎಂಜಿನಿಯರುಗಳು ಇಂದಿಗೂ ಕಂಪ್ಯೂಟರಿನಲ್ಲಿ ಓಡಿಸಿ ತಮ್ಮ ಲೆಕ್ಕ ಪರೀಕ್ಷಿಸುತ್ತಾರೆ.

ಈ ವಿದ್ಯೆಯ ಆರಂಭ ಅಮೆರಿಕದ್ದು. 1932ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಯಂತ್ರ ಇಟ್ಟರು, ಮರುವರ್ಷವೇ ಲಾಂಗ್ ಬೀಚ್ ಭೂಕಂಪ ಸಿಕ್ಕಿತು. ಅದೇ ರಾಜ್ಯದ ಪಾರ್ಕ್‌ಫೀಲ್ಡ್‌ನಲ್ಲಿ 1966ರಲ್ಲಿ ಸ್ತರಭಂಗದಿಂದ ಬರೀ 80 ಮೀಟರ್ ದೂರದ ಪೆಟ್ಟಿಗೆ ಗುರುತ್ವದ ಅರ್ಧದಷ್ಟು ನೂಕನ್ನು ಬರೆದುಕೊಂಡಿತು. ಅಲ್ಲಿ ಮುಂದಿನದು 1993ರೊಳಗೆ ಬರುತ್ತದೆಂದು ವಿಜ್ಞಾನಿಗಳು ಸಾಲು ಸಾಲಾಗಿ ಯಂತ್ರ ಹೂಡಿ ಕೂತರು. ಅದು ಬಂದದ್ದು 2004ರ ಸೆಪ್ಟೆಂಬರ್ 28ಕ್ಕೆ. ಕಾದ ಯಂತ್ರಗಳು ಹತ್ತಿರದ ದಾಖಲೆಗಳ ಕಟ್ಟನ್ನೇ ಕೊಟ್ಟವು. ಕಾಕಾಗೆ ಈ ಕತೆ ಹೇಳಿದಾಗ ಅವರು ಕೇಳಿದ್ದು ಒಂದೇ: 'ಅಷ್ಟು ವರ್ಷ ಬ್ಯಾಟರಿಗೆ ರೊಕ್ಕಾ ಕೊಟ್ರಾ?'

ಅವರ ಪ್ರಶ್ನೆ ತಮಾಷೆಯದಲ್ಲ. ಹತ್ತು ವರ್ಷ ಏನೂ ಬರೆಯದ ಯಂತ್ರಕ್ಕೆ ಹನ್ನೊಂದನೆಯ ವರ್ಷ ಹಣ ಕೇಳಲು ಹೋದವನಿಗೆ ಎಂಥ ಮುಖ ತೋರಿಸುತ್ತಾರೆಂದು ಬಲ್ಲವರಿಗೇ ಗೊತ್ತು. ಹೀಗಾಗಿಯೋ ಏನೋ, 2001ರ ಭುಜ್ ಭೂಕಂಪದ ಆಕ್ಸಲರೋಗ್ರಾಫ್ ದಾಖಲೆ ಅಂತ ಎಲ್ಲರೂ ಉಲ್ಲೇಖಿಸುವುದು 200 ಕಿಲೋಮೀಟರಿಗೂ ದೂರದ ಅಹಮದಾಬಾದಿನ ಒಂದು ಕಟ್ಟಡದ್ದು.

ಇನ್ನು ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಬೀದರ್, ಕಲಬುರಗಿಯ ಜನ ನಿದ್ದೆಯಿಂದೆದ್ದು ಹೊರಗೋಡಿದರು. ಗಡಿಯಾಚೆ ಸುಮಾರು 8,000 ಜನ ಕಲ್ಲುಮಣ್ಣಿನ ಗೋಡೆಗಳಡಿ ಸತ್ತರು. ಬೆಳಿಗ್ಗೆ ರೇಡಿಯೊ ಕೇಳಿದ ಕಾಕಾ ಕಚೇರಿಗೆ ಹೋದವರೇ ಕೇಳಿದರಂತೆ, 'ಅಲ್ಲಿ ಯಾರದರೆ ಪೆಟ್ಟಿಗಿ ಇತ್ತೇನ್ರಿ?' ಇರಲಿಲ್ಲ. ಆ ಗೋಡೆಗಳನ್ನು ಕೆಡವಿದ ನೂಕು ಎಷ್ಟಿತ್ತೆಂದು ಇಂದಿಗೂ ಅಂದಾಜಿನಲ್ಲೇ ಹೇಳಬೇಕು.

ಕಾಕಾ ಫಿಲ್ಮನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದರು. ಹೊರಡುವಾಗ, 'ಪೇಪರ್‌ನ್ಯಾಗ ಒಂದ್ ಮಾತು ಹಾಕ್ರಿ' ಅಂದರು. ಹಾಕುತ್ತಿದ್ದೇನೆ. ನಿಮ್ಮೂರಿನ ಶಾಲೆಯ ಹಿಂದೆಯೋ ಕಚೇರಿಯ ಮೂಲೆಯಲ್ಲೋ ಬೀಗ ಹಾಕಿದ ಪುಟ್ಟ ಕೋಣೆ, ಮೇಲೊಂದು ಸೋಲಾರ್ ಫಲಕ, ಒಳಗೆ ಭೂಕಂಪದ ಯಂತ್ರ ಇದ್ದರೆ ಫಲಕ ಬಿಚ್ಚಲು ಯಾರನ್ನೂ ಬಿಡಬೇಡಿ. ಗೋಡೆಗೆ ಎಮ್ಮೆ ಕಟ್ಟಬೇಡಿ.