ಲ್ಯಾಪ್‌ಟಾಪಿನ ಮದರ್‌ಬೋರ್ಡನ್ನು ಮನೆಯಲ್ಲೇ ಬದಲಾಯಿಸುವ ಕ್ರಮ



ಮಕ್ಕಳ ಪಾಠ, ಪಹಣಿ, ಹಾಲಿನ ಲೆಕ್ಕ ಇವುಗಳಿಗಾಗಿ ಈಗ ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪ್ ಉಂಟು. ಅದು ಒಂದು ದಿನ ಚಾಲೂ ಆಗದಿದ್ದರೆ, "ಬೋರ್ಡ್ ಹೋಗಿದೆ" ಎಂಬ ಮಾತು ಕೇಳಿ ಮೂಲೆಗಿಡುವವರೇ ಹೆಚ್ಚು. ಹಾಗೆ ಮಾಡಬೇಕಾಗಿಲ್ಲ. ಪಂಪಿನ ಸ್ಟಾರ್ಟರ್ ಬಿಚ್ಚಿ ಜೋಡಿಸಬಲ್ಲ ಕೈಗೆ ಈ ಕೆಲಸವೂ ಸಾಧ್ಯ. ಆದರೆ ಆತುರ ಸಲ್ಲದು. ೨೦೧೮ರಲ್ಲಿ ಬಂದ ಲೆನೊವೊ ಥಿಂಕ್‌ಪ್ಯಾಡ್ ಟಿ ೪೮೦ ಎಂಬ ಮಾದರಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಕ್ರಮವನ್ನು ತಿಳಿಸುತ್ತೇನೆ.

ಬೋರ್ಡ್ ಎಂದರೇನು?

ಯಂತ್ರದ ಎಲ್ಲ ಭಾಗಗಳೂ ಬಂದು ಕೂಡುವ ಹಲಗೆಯೇ ಮದರ್‌ಬೋರ್ಡ್. ಈ ಮಾದರಿಯಲ್ಲಿ ಪ್ರೊಸೆಸರ್ ಮತ್ತು ಚಾರ್ಜರ್ ಸಿಕ್ಕಿಸುವ ಸಾಕೆಟ್ ಬೋರ್ಡಿಗೇ ಬೆಸೆದಿವೆ. ಆದ್ದರಿಂದ ಸಾಕೆಟ್ ಸಡಿಲಾದರೂ ಬೋರ್ಡಿನ ಕೆಲಸವೇ ಬೀಳುತ್ತದೆ. ಕಡತಗಳಿರುವ ಡಿಸ್ಕ್ ಮತ್ತು ರ‍್ಯಾಮ್ ಬೇರೆಯಾಗಿವೆ. ಬೋರ್ಡ್ ಕೆಟ್ಟರೂ ಕಡತಗಳು ಉಳಿಯುತ್ತವೆ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕೂ ಬೋರ್ಡಿಗೇ ಬೆಸೆದಿರುತ್ತದೆ. ಅಂಥವನ್ನು ಬಿಚ್ಚುವ ಮೊದಲು ತಿಳಿದವರನ್ನು ಕೇಳಿರಿ.

ಮೊದಲು ಪರೀಕ್ಷೆ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಕೊಳ್ಳುವುದು ಹೇಗೆ ಸರಿಯಲ್ಲವೋ, ಇದೂ ಹಾಗೆಯೇ. ೬೫ ವ್ಯಾಟಿನ ಬೇರೆ ಚಾರ್ಜರ್ ಹಾಕಿ ನೋಡಿರಿ. ಆಗದಿದ್ದರೆ ಚಾರ್ಜರ್ ಕಿತ್ತು, ಅಡಿಭಾಗದ ಸಣ್ಣ ರಂಧ್ರದಲ್ಲಿ ಪಿನ್ನಿನಿಂದ ಮೆಲ್ಲಗೆ ಒತ್ತಿ, ಮತ್ತೆ ಪ್ರಯತ್ನಿಸಿರಿ. ಬಳಿಕ ಬ್ಯಾಟರಿ ಕಳಚಿ, ರ‍್ಯಾಮ್ ಪಟ್ಟಿಗಳನ್ನು ತೆಗೆದು ಒಂದೊಂದನ್ನೇ ಹಾಕಿ ನೋಡಿರಿ. ಇಷ್ಟಾದರೂ ಫಲವಿಲ್ಲದಿದ್ದರೆ ಮಾತ್ರ ಬೋರ್ಡಿನ ಮೇಲೆ ಸಂದೇಹಪಡಬೇಕು. ಗ್ಯಾರಂಟಿ ಅವಧಿ ಉಳಿದಿದ್ದರೆ ಕೈಯಿಡದೆ ಕಂಪೆನಿಗೇ ಒಪ್ಪಿಸಿರಿ.

ಕೊಳ್ಳುವಾಗ

ಮಾದರಿಯ ಹೆಸರೊಂದೇ ಸಾಲದು. ಹಳೆಯ ಬೋರ್ಡಿನ ಮೇಲಿನ ಭಾಗಸಂಖ್ಯೆಯನ್ನು ಬರೆದುಕೊಳ್ಳಿರಿ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಬೋರ್ಡಿಗೂ ಇಲ್ಲದ ಬೋರ್ಡಿಗೂ ಶಾಖ ಹೀರುವ ತಾಮ್ರದ ಭಾಗ ಬೇರೆ. ಬಳಸಿದ ಬೋರ್ಡಾದರೆ, ಅದರಲ್ಲಿ ಹಿಂದಿನವರು ಹಾಕಿದ ಪಾಸ್‌ವರ್ಡ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹಿಂದಿರುಗಿಸುವ ಕರಾರಿನ ಮೇಲೆಯೇ ಹಣ ಕೊಡಿರಿ. ಬೆಲೆಯು ಇದೇ ತರಹದ ಹಳೆಯ ಲ್ಯಾಪ್‌ಟಾಪಿನ ಅರ್ಧ ಬೆಲೆಗಿಂತ ಮೀರಿದರೆ ಲಾಭವಿಲ್ಲ.

ಬೀಗದ ಸಂಖ್ಯೆ

ಇದು ಬಹು ಮುಖ್ಯ. ವಿಂಡೋಸ್ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಡಿಸ್ಕಿಗೆ ಬಿದ್ದಿರಬಹುದು. ಅದರ ಕೀಲಿ ಹಳೆಯ ಬೋರ್ಡಿನಲ್ಲಿರುವುದರಿಂದ ಹೊಸ ಬೋರ್ಡ್ ಹಾಕಿದೊಡನೆ ೪೮ ಅಂಕಿಗಳ ಸಂಖ್ಯೆಯನ್ನು ಕೇಳುತ್ತದೆ. ಅದು ಇಲ್ಲದಿದ್ದರೆ ಮಕ್ಕಳ ಪಾಠ, ಮನೆಯ ಲೆಕ್ಕ ಎಲ್ಲವೂ ಕೈತಪ್ಪುತ್ತವೆ. ಯಂತ್ರ ನಿಂತಿದ್ದರೂ ಮೊಬೈಲಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆ ತೆರೆದು ನೋಡಿರಿ; ಸಂಖ್ಯೆ ಅಲ್ಲಿರಬಹುದು. ವಿಂಡೋಸ್ ಪರವಾನಗಿಯನ್ನೂ ಮತ್ತೆ ಚಾಲ್ತಿಗೊಳಿಸಬೇಕಾಗಬಹುದು.

ಕೆಲಸದ ಕ್ರಮ

೧. ಒಣಗಿದ ಮೇಜಿನ ಮೇಲೆ ಕೂತುಕೊಳ್ಳದಂತೆ ಯಂತ್ರವೊಂದನ್ನೇ ಇಟ್ಟು, ಹತ್ತಿಯ ಬಟ್ಟೆ ಧರಿಸಿರಿ. ಮೈಯಲ್ಲಿನ ಸ್ಥಿರವಿದ್ಯುತ್ತು ಚಿಪ್ಪನ್ನು ಕೆಡಿಸೀತು. ಆಗಾಗ ಬಣ್ಣವಿಲ್ಲದ ಕಬ್ಬಿಣದ ಕಿಟಕಿ ಸರಳನ್ನು ಮುಟ್ಟಿರಿ.

೨. ಚಾರ್ಜರ್ ಕಿತ್ತು, ಹಿಂಬದಿಯ ಬ್ಯಾಟರಿ ತೆಗೆದು, ಅಡಿಯ ಆರು ತಿರುಪುಗಳನ್ನು ಸಡಿಲಿಸಿ ಮುಚ್ಚಳ ತೆರೆಯಿರಿ. ಒಳಗೆ ಎರಡನೆಯ ಬ್ಯಾಟರಿ ಇದೆ. ಅದನ್ನು ಕಳಚದೆ ಬೇರೇನನ್ನೂ ಮುಟ್ಟಕೂಡದು. ಬ್ಯಾಟರಿ ಉಬ್ಬಿದ್ದರೆ ಚುಚ್ಚದೆ, ಒತ್ತದೆ ಕೆಲಸ ನಿಲ್ಲಿಸಿರಿ, ಬೆಂಕಿಯ ಅಪಾಯವುಂಟು.

೩. ಒಂದೊಂದು ಹೆಜ್ಜೆಗೂ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ತಿರುಪುಗಳನ್ನು ಮೊಟ್ಟೆಯ ತಟ್ಟೆಯ ಗುಣಿಗಳಲ್ಲಿ ಬೇರೆ ಬೇರೆ ಇಡಿರಿ. ಉದ್ದ ತಿರುಪನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಬೋರ್ಡಿಗೆ ಪೆಟ್ಟು.

೪. ಡಿಸ್ಕ್, ರ‍್ಯಾಮ್, ವೈಫೈ ಕಾರ್ಡ್, ಫ್ಯಾನ್ ತೆಗೆದು, ಪರದೆ, ಕೀಬೋರ್ಡ್, ಸ್ಪೀಕರ್ ತಂತಿಗಳನ್ನು ಬಿಡಿಸಿರಿ. ತಂತಿ ಹಿಡಿದು ಎಳೆಯಬಾರದು. ಪೂರ್ಣ ಕ್ರಮ ಲೆನೊವೊ ಕೈಪಿಡಿಯಲ್ಲಿ ಚಿತ್ರಸಹಿತ ಇದೆ; ಅಂತರ್ಜಾಲದಲ್ಲಿ ಉಚಿತ.

೫. ಹಳೆಯ ಶಾಖದ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪ್ರೊಸೆಸರ್ ಮೇಲೆ ಹೊಸದನ್ನು ಅಕ್ಕಿಕಾಳಿನಷ್ಟೇ ಹಾಕಿರಿ. ಪೇಸ್ಟ್ ಇಲ್ಲದೆ ಚಾಲೂ ಮಾಡಿದರೆ ಯಂತ್ರ ಬೇಗ ಕಾಯುತ್ತದೆ.

೬. ತೆಗೆದ ಕ್ರಮಕ್ಕೆ ತಿರುಗುಮುರುಗಾಗಿ ಜೋಡಿಸಿ, ಬ್ಯಾಟರಿಯನ್ನು ಕೊನೆಗೆ ಹಾಕಿರಿ. ಮೊದಲ ಸಲ ದಿನಾಂಕ, ಗಂಟೆ ಸರಿಪಡಿಸಬೇಕಾದೀತು.

ಹಳೆಯ ಬೋರ್ಡ್, ಬ್ಯಾಟರಿಗಳನ್ನು ತಿಪ್ಪೆಗೆ ಎಸೆಯಬೇಡಿ, ಸುಡಬೇಡಿ. ಅದರ ಸೀಸ ಮುಂತಾದ ವಿಷಗಳು ಹೊಲದ ಮಣ್ಣಿಗೇ ಇಳಿಯುತ್ತವೆ. ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿರಿ.

ಲ್ಯಾಪ್‌ಟಾಪ್ ಸರಿಯಾಗಿ ನಡೆಯುತ್ತಿರುವವರಿಗೂ ಒಂದು ಕೆಲಸವಿದೆ. ಬಿಟ್‌ಲಾಕರ್ ಸಂಖ್ಯೆಯನ್ನು ಇಂದೇ ಕಾಗದದ ಮೇಲೆ ಬರೆದು, ಜಮೀನಿನ ಪತ್ರಗಳ ಜೊತೆಯಲ್ಲಿ ಭದ್ರವಾಗಿಡಿರಿ.

— ನಿಮ್ಮ ಗ್ರಾಮಸೇವಕ