ಹೊಡೆಯುವ ಕೈ ತಡೆಯಲು ಗಂಡಸರೂ ಮುಂದೆ ಬರಬೇಕು

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆ ನಮ್ಮೆಲ್ಲರಿಗೂ ಗೊತ್ತು. ಮನೆ ಎಂದ ಮೇಲೆ ಒಂದು ಮಾತು ಬರುತ್ತದೆ, ಹೋಗುತ್ತದೆ ಎಂಬುದು ಇದರ ಅರ್ಥ. ಮಾತಿನ ಜಗಳಕ್ಕೆ ಈ ಗಾದೆ ಸರಿ. ಆದರೆ ಪಕ್ಕದ ಮನೆಯಲ್ಲಿ ಹೆಂಗಸಿಗೆ ಏಟು ಬೀಳುತ್ತಿರುವಾಗಲೂ ನಾವು ಇದೇ ಗಾದೆ ಹೇಳಿ ಸುಮ್ಮನಾಗುತ್ತೇವೆ. ಜಗಳದಲ್ಲಿ ಇಬ್ಬರೂ ಮಾತನಾಡುತ್ತಾರೆ. ಹೊಡೆತದಲ್ಲಿ ಒಬ್ಬರು ಹೊಡೆಯುತ್ತಾರೆ, ಇನ್ನೊಬ್ಬರು ಹೆದರುತ್ತಾರೆ. ಇವೆರಡೂ ಒಂದೇ ಅಲ್ಲ.

2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಬಗ್ಗೆ ಹೆಂಗಸರನ್ನೇ ಕೇಳಲಾಗಿತ್ತು. 18ರಿಂದ 49 ವರ್ಷದ ವಿವಾಹಿತ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು ಕರ್ನಾಟಕದಲ್ಲಿ ಶೇ. 44, ತಮಿಳುನಾಡಿನಲ್ಲಿ ಶೇ. 38, ತೆಲಂಗಾಣದಲ್ಲಿ ಶೇ. 37, ಆಂಧ್ರಪ್ರದೇಶದಲ್ಲಿ ಶೇ. 30, ಮಹಾರಾಷ್ಟ್ರದಲ್ಲಿ ಶೇ. 25. ಕೇರಳ ಮತ್ತು ಗೋವಾದಲ್ಲಿ ಇದು ಶೇ. 10ಕ್ಕಿಂತ ಕಡಿಮೆ. ಗಡಿಯ ಯಾವ ಕಡೆ ನಮ್ಮ ಮನೆ ಇದ್ದರೂ ಈ ಲೆಕ್ಕದಿಂದ ಹೊರಗಿಲ್ಲ. ಇದು ಬಾಯಿಬಿಟ್ಟು ಹೇಳಿದವರ ಲೆಕ್ಕ ಮಾತ್ರ ಎಂಬುದನ್ನೂ ನೆನಪಿಡಬೇಕು. ಹಿಂಸೆ ಅನುಭವಿಸಿದವರಲ್ಲಿ ಯಾರಿಂದಲಾದರೂ ಸಹಾಯ ಕೇಳಿದವರು ದೇಶದಲ್ಲಿ ಶೇ. 14ರಷ್ಟು ಮಾತ್ರ.

ಅದೇ ಸಮೀಕ್ಷೆಯಲ್ಲಿ ಗಂಡಸರಿಗೂ ಒಂದು ಪ್ರಶ್ನೆ ಇತ್ತು. ಹೇಳದೆ ಹೊರಗೆ ಹೋದರೆ, ಎದುರು ಮಾತನಾಡಿದರೆ, ಅಡುಗೆ ಸರಿ ಮಾಡದಿದ್ದರೆ, ಅತ್ತೆ ಮಾವನಿಗೆ ಗೌರವ ಕೊಡದಿದ್ದರೆ, ಹೀಗೆ ಏಳು ಕಾರಣಗಳನ್ನು ಹೇಳಿ, ಹೆಂಡತಿಯನ್ನು ಹೊಡೆಯುವುದು ಸರಿಯೇ ಎಂದು ಕೇಳಿದರು. ಒಂದಾದರೂ ಕಾರಣಕ್ಕೆ ಸರಿ ಎಂದವರು ಕರ್ನಾಟಕದ ಗಂಡಸರಲ್ಲಿ ಶೇ. 80ಕ್ಕೂ ಹೆಚ್ಚು. ಸರಿ ಎಂದವರೆಲ್ಲರೂ ಹೊಡೆಯುವವರಲ್ಲ. ಆದರೆ ಹೊಡೆಯುವವನಿಗೆ 'ಊರು ನನ್ನ ಕಡೆ ಇದೆ' ಎಂಬ ಧೈರ್ಯ ಇಲ್ಲಿಂದಲೇ ಬರುತ್ತದೆ.

ಕಾನೂನು, ಆಶ್ರಯ ಮನೆ, ಸಹಾಯವಾಣಿ ಎಲ್ಲವೂ ಬೇಕು. ಆದರೆ ಅವು ಬಹುಪಾಲು ಏಟು ಬಿದ್ದ ಮೇಲೆ ಬರುವ ನೆರವು. ಏಟು ಬೀಳುವ ಮೊದಲೇ ತಡೆಯಬೇಕಾದರೆ ಗಂಡಸರ ಜೊತೆ ಕೆಲಸ ಮಾಡಬೇಕು. ಅದು ಹೇಗೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಮೂವತ್ತು ವರ್ಷಕ್ಕೂ ಮೀರಿದ ಅನುಭವ ಇದೆ.

ಮುಂಬಯಿಯ ಒಂದು ಜಾಹೀರಾತು

1991ರಲ್ಲಿ ಮುಂಬಯಿಯ ಪತ್ರಕರ್ತ ಸಿ. ವೈ. ಗೋಪಿನಾಥ್ ಪತ್ರಿಕೆಯಲ್ಲಿ ಒಂದು ಸಣ್ಣ ಜಾಹೀರಾತು ಕೊಟ್ಟರು. ಹೆಂಡತಿಯನ್ನು ಹೊಡೆಯುವುದು ತಪ್ಪು ಎಂದು ನಂಬುವ ಗಂಡಸರು ಮುಂದೆ ಬನ್ನಿ ಎಂಬುದು ಅದರ ಸಾರ. ಇನ್ನೂರಕ್ಕೂ ಹೆಚ್ಚು ಗಂಡಸರು ಉತ್ತರ ಬರೆದರು. ಅವರಲ್ಲಿ ಸಮಾಜಕಾರ್ಯ ಓದಿದ್ದ ಹರೀಶ್ ಸದಾನಿ ಒಬ್ಬರು. 1993ರಲ್ಲಿ ಇವರೆಲ್ಲ ಸೇರಿ 'ಮಾವಾ' ಎಂಬ ಸಂಸ್ಥೆ ಕಟ್ಟಿದರು. ಹಿಂಸೆಯ ವಿರುದ್ಧ ಗಂಡಸರು ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಚಿಕ್ಕ ರೂಪ ಅದು.

ಮೊದಮೊದಲು ಮಾವಾ ಹಿಂಸೆ ನಡೆದ ಮನೆಗಳ ಗಂಡಂದಿರ ಜೊತೆ ಮಾತುಕತೆ ನಡೆಸಿತು. ನಲವತ್ತು ದಾಟಿದವನ ಅಭ್ಯಾಸ ಬದಲಿಸುವುದಕ್ಕಿಂತ ಇಪ್ಪತ್ತರ ಹುಡುಗನ ಜೊತೆ ಮಾತನಾಡುವುದು ಸುಲಭ. ಆದ್ದರಿಂದ 2006ರಲ್ಲಿ ಪುಣೆಯ ಕಾಲೇಜುಗಳಲ್ಲಿ 'ಯುವಾ ಮೈತ್ರಿ' ಎಂಬ ಕೆಲಸ ಶುರುವಾಯಿತು. ಮುಂದೆ ಇದು ಮಹಾರಾಷ್ಟ್ರದ ಇತರ ಜಿಲ್ಲೆಗಳಿಗೂ ಹೋಯಿತು. ಹುಡುಗರನ್ನು ಗುಂಪಾಗಿ ಕೂರಿಸಿ ಮದುವೆ, ಕೋಪ, ಪ್ರೀತಿ, ಲೈಂಗಿಕತೆ, ಮನೆಗೆಲಸ ಇವನ್ನೆಲ್ಲ ಮುಚ್ಚುಮರೆ ಇಲ್ಲದೆ ಮಾತನಾಡಿಸುವುದು, ಅವರಲ್ಲೇ ಕೆಲವರನ್ನು ತಯಾರು ಮಾಡಿ ಬೇರೆ ಹುಡುಗರ ಬಳಿ ಕಳಿಸುವುದು ಇದರ ಕ್ರಮ. ಭಾಷಣ ಕಡಿಮೆ, ಕೇಳುವುದು ಹೆಚ್ಚು.

ಆಟದ ಗುರುವಿನ ಬಾಯಿಂದ ಪಾಠ

ಹುಡುಗರು ಯಾರ ಮಾತು ಕೇಳುತ್ತಾರೆ? ಮೇಷ್ಟ್ರ ಮಾತು ಕೇಳದವನೂ ಆಟ ಕಲಿಸುವವರ ಮಾತು ಕೇಳುತ್ತಾನೆ. ಇದನ್ನು ನೋಡಿ 2010ರಲ್ಲಿ ಮುಂಬಯಿಯಲ್ಲಿ 'ಪರಿವರ್ತನ್' ಎಂಬ ಕಾರ್ಯಕ್ರಮ ಆರಂಭವಾಯಿತು. ಶಾಲಾ ಕ್ರಿಕೆಟ್ ತರಬೇತುದಾರರಿಗೆ ಮೊದಲು ತರಬೇತಿ ಕೊಟ್ಟರು. ಅವರು ಆಟದ ಅಭ್ಯಾಸದ ನಡುವೆ ಸ್ವಲ್ಪ ಹೊತ್ತು ಹುಡುಗರ ಜೊತೆ ಮಾತಿಗೆ ಕೂರಬೇಕು. ಹುಡುಗಿಯರನ್ನು ಚುಡಾಯಿಸುವುದು ಗಂಡಸ್ತನವೇ, ಅಳುವುದು ನಾಚಿಕೆಯೇ, ಗೆಳೆಯ ತಪ್ಪು ಮಾಡಿದಾಗ ನೀನೇನು ಮಾಡುತ್ತೀ, ಇಂತಹ ವಿಷಯಗಳು.

ಇದರಿಂದ ನಿಜಕ್ಕೂ ಫಲ ಸಿಕ್ಕಿತೇ? ಹುಡುಗರ ಅಭಿಪ್ರಾಯ ಬದಲಾದದ್ದು ಅಧ್ಯಯನದಲ್ಲಿ ಕಂಡುಬಂತು. ಆದರೆ ನಡತೆ ಅಷ್ಟು ಬೇಗ ಬದಲಾಗಲಿಲ್ಲ. ಕೆಲವು ತಿಂಗಳ ಪಾಠ ಒಂದೇ ಸಾಲದು ಎಂಬುದು ಇದರಿಂದ ತಿಳಿಯುವ ವಿಷಯ. ಹುಡುಗ ಮೈದಾನದಲ್ಲಿ ಒಂದು ಕೇಳಿ ಮನೆಯಲ್ಲಿ ಇನ್ನೊಂದು ನೋಡಿದರೆ, ನೋಡಿದ್ದನ್ನೇ ಕಲಿಯುತ್ತಾನೆ.

ಹಾಗಾದರೆ ಇಡೀ ಕೇರಿಯೇ ಬದಲಾಗಲು ಪ್ರಯತ್ನಿಸಿದರೆ? ಇದಕ್ಕೆ ಉತ್ತರ ದೂರದ ಆಫ್ರಿಕಾದಿಂದ ಬಂದಿದೆ. ಉಗಾಂಡಾ ದೇಶದ ಕಂಪಾಲಾ ನಗರದಲ್ಲಿ 'ಸಾಸಾ' ಎಂಬ ಕಾರ್ಯಕ್ರಮ ಕೆಲವು ವರ್ಷ ನಡೆಯಿತು. ಆಯಾ ಬಡಾವಣೆಯ ಗಂಡಸರು, ಹೆಂಗಸರು, ಪೊಲೀಸರು, ಊರ ಮುಖಂಡರು ತಮ್ಮ ತಮ್ಮ ಜಾಗದಲ್ಲೇ ಈ ಮಾತು ನಡೆಸಿದರು. 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಾರ್ಯಕ್ರಮ ನಡೆದ ಬಡಾವಣೆಗಳಲ್ಲಿ ಹಿಂದಿನ ಒಂದು ವರ್ಷದಲ್ಲಿ ಗಂಡ ಅಥವಾ ಸಂಗಾತಿಯಿಂದ ಏಟು ತಿಂದ ಹೆಂಗಸರ ಪ್ರಮಾಣ ಬೇರೆ ಬಡಾವಣೆಗಳಿಗಿಂತ ಸುಮಾರು ಅರ್ಧದಷ್ಟು ಕಡಿಮೆ ಇತ್ತು. ಅಂದರೆ ಹಿಂಸೆ ತಡೆಯಲಾಗದ ಹಣೆಬರಹ ಅಲ್ಲ. ಊರು ಸೇರಿ ಕೆಲಸ ಮಾಡಿದರೆ ಕೆಲವೇ ವರ್ಷಗಳಲ್ಲಿ ಕಡಿಮೆಯಾಗುತ್ತದೆ.

ಕುಡಿತವೇ ಕಾರಣವೇ?

'ಅವನು ಒಳ್ಳೆಯವನೇ, ಕುಡಿದಾಗ ಮಾತ್ರ ಹೀಗೆ' ಎಂಬ ಮಾತು ಎಲ್ಲ ಊರಲ್ಲೂ ಇದೆ. ಇದರಲ್ಲಿ ಅರ್ಧ ಸತ್ಯ ಇದೆ. ಗಂಡ ಆಗಾಗ ಕುಡಿದು ಮತ್ತನಾಗುವ ಮನೆಗಳಲ್ಲಿ ಹಿಂಸೆ ಬಹಳ ಹೆಚ್ಚು ಎಂದು ಕುಟುಂಬ ಸಮೀಕ್ಷೆಗಳು ಪದೇ ಪದೇ ಹೇಳಿವೆ. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಊರಿನ ಹೆಂಗಸರು ಸಾರಾಯಿ ವಿರುದ್ಧ ಎದ್ದು ನಿಂತಾಗ ಮನೆಯ ಹೊಡೆತವೂ ಅವರ ಸಿಟ್ಟಿಗೆ ಕಾರಣವಾಗಿತ್ತು. ಆ ಚಳವಳಿಯಿಂದಾಗಿ 1993ರಲ್ಲಿ ಅಲ್ಲಿ ಸಾರಾಯಿ ನಿಷೇಧವಾಯಿತು.

ಆದರೆ ಉಳಿದ ಅರ್ಧ ಸತ್ಯವನ್ನೂ ನೋಡಬೇಕು. ಕುಡಿದವನು ದಾರಿಯಲ್ಲಿ ಸಿಕ್ಕ ಸರಪಂಚರನ್ನು ಹೊಡೆಯುವುದಿಲ್ಲ, ಪೊಲೀಸನನ್ನು ಹೊಡೆಯುವುದಿಲ್ಲ. ಮನೆಗೆ ಬಂದು ಹೆಂಡತಿಯನ್ನು ಹೊಡೆಯುತ್ತಾನೆ. ಯಾರನ್ನು ಹೊಡೆದರೆ ಕೇಳುವವರಿಲ್ಲ ಎಂಬುದು ಮತ್ತಿನಲ್ಲೂ ಅವನಿಗೆ ಗೊತ್ತಿರುತ್ತದೆ. ಕುಡಿಯದೆ ಹೊಡೆಯುವವರೂ ಇದ್ದಾರೆ, ಕುಡಿದೂ ಕೈ ಎತ್ತದವರೂ ಇದ್ದಾರೆ. ಆದ್ದರಿಂದ ಕುಡಿತ ಬಿಡಿಸುವುದರ ಜೊತೆಗೆ 'ಹೊಡೆಯುವ ಹಕ್ಕು ನನಗಿದೆ' ಎಂಬ ಭಾವನೆಯನ್ನೂ ಬಿಡಿಸಬೇಕು.

ನೆರೆಯವರು ಏನು ಮಾಡಬಹುದು?

2008ರಲ್ಲಿ 'ಬ್ರೇಕ್‌ಥ್ರೂ' ಸಂಸ್ಥೆ 'ಬೆಲ್ ಬಜಾವೋ' ಎಂಬ ಪ್ರಚಾರ ನಡೆಸಿತು. ಟಿ.ವಿ.ಯಲ್ಲಿ ನೋಡಿದವರಿಗೆ ನೆನಪಿರಬಹುದು. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದಾಗ ಒಬ್ಬರು ಹೋಗಿ ಬೆಲ್ ಒತ್ತುತ್ತಾರೆ, ಏನೋ ಒಂದು ನೆಪ ಹೇಳುತ್ತಾರೆ. ಅಷ್ಟೇ. ಆದರೆ ಒಳಗಿದ್ದವನಿಗೆ ಹೊರಗೆ ಕೇಳಿಸುತ್ತಿದೆ ಎಂಬುದು ತಿಳಿಯುತ್ತದೆ, ಆ ಹೊತ್ತಿಗೆ ಕೈ ನಿಲ್ಲುತ್ತದೆ.

ನಮ್ಮ ಹಳ್ಳಿಗಳಲ್ಲಿ ಬೆಲ್ ಇರಲಿಕ್ಕಿಲ್ಲ, ಬಾಗಿಲಂತೂ ಇದೆ. ಒಬ್ಬರೇ ಹೋಗಲು ಅಂಜಿಕೆಯಾದರೆ ಇಬ್ಬರು ಮೂವರು ಹೋಗಿ. ಕತ್ತಿ, ಕೊಡಲಿ ಕೈಯಲ್ಲಿದ್ದರೆ ಒಳಗೆ ನುಗ್ಗದೆ 112ಕ್ಕೆ ಫೋನ್ ಮಾಡಿ.

ಮಾರನೆಯ ದಿನ ಅವನ ಮತ್ತು ಇಳಿದ ಮೇಲೆ, ಅವನು ಗೌರವ ಕೊಡುವ ಒಬ್ಬ ಗಂಡಸು ಅವನ ಬಳಿ ಮಾತನಾಡಬೇಕು. ಅಣ್ಣನೋ, ಸೋದರಮಾವನೋ, ಗೆಳೆಯನೋ ಆಗಬಹುದು. 'ತಮ್ಮಾ, ನಿನ್ನೆ ರಾತ್ರಿ ಸದ್ದು ಕೇಳಿಸಿತು. ಏನೇ ಇರಲಿ, ಕೈ ಎತ್ತಿದ್ದು ತಪ್ಪು' ಎಂದರೆ ಸಾಕು. 'ಅವಳು ಏನು ಮಾಡಿದಳು?' ಎಂದು ಕೇಳಬಾರದು. ಕೇಳಿದರೆ ಹೊಡೆತಕ್ಕೆ ಒಂದು ಕಾರಣ ಇರಬಹುದು ಎಂದು ನಾವೇ ಒಪ್ಪಿದಂತೆ. ಹೆಂಡತಿ ನಮಗೆ ದೂರು ಹೇಳಿದ್ದಾಳೆ ಎಂದೂ ಹೇಳಬಾರದು. ಆ ಸಿಟ್ಟು ಮತ್ತೆ ಅವಳ ಮೇಲೆಯೇ ಇಳಿಯುತ್ತದೆ. ಅವಳಿಗೆ ಏನು ಬೇಕು ಎಂಬುದನ್ನು ಮನೆಯ ಅಥವಾ ಕೇರಿಯ ಹೆಂಗಸರು ಒಬ್ಬಳೇ ಇರುವಾಗ ಕೇಳಿ ತಿಳಿಯುವುದು ಒಳ್ಳೆಯದು.

ಯುವಕ ಸಂಘ, ಭಜನಾ ಮಂಡಳಿ, ಹಾಲಿನ ಸಂಘ, ಕಬಡ್ಡಿ ತಂಡ ಇವೆಲ್ಲ ಗಂಡಸರು ಸೇರುವ ಜಾಗಗಳೇ. ತಿಂಗಳಿಗೊಂದು ಸಂಜೆ ಈ ವಿಷಯಕ್ಕೆ ಮೀಸಲಿಟ್ಟರೆ ಖರ್ಚೇನೂ ಇಲ್ಲ. ಒಂದು ದಿನದ ಮೆರವಣಿಗೆಗಿಂತ ಇದು ಮೇಲು. ಕಟ್ಟೆಯ ಮೇಲೆ ಹೆಂಡತಿಗೆ ಹೊಡೆದ ಕಥೆಯನ್ನು ಹಾಸ್ಯ ಮಾಡಿ ಹೇಳುವಾಗ ನಗದೇ ಇರುವುದೂ ಒಂದು ಕೆಲಸವೇ.

ರಾಜಿ ಮಾಡಿಸುವವರಿಗೆ ಒಂದು ಮಾತು

ಮಹಾರಾಷ್ಟ್ರದ ಊರುಗಳಲ್ಲಿ 2007ರಲ್ಲಿ ಆರಂಭವಾದ ತಂಟಾಮುಕ್ತಿ ಸಮಿತಿ, ಕೇರಳದ ಪಂಚಾಯತುಗಳ ಜಾಗ್ರತಾ ಸಮಿತಿ, ಎಲ್ಲ ಕಡೆ ಇರುವ ಊರ ಹಿರಿಯರು, ಇವರ ಬಳಿ ಮನೆಯ ಜಗಳ ಬರುತ್ತದೆ. ಬದುವಿನ ತಕರಾರಿಗೆ 'ನೀನು ಸ್ವಲ್ಪ ಬಿಡು, ಅವನು ಸ್ವಲ್ಪ ಬಿಡಲಿ' ಎನ್ನಬಹುದು. ಹೊಡೆತಕ್ಕೆ ಹಾಗೆನ್ನಲು ಬರುವುದಿಲ್ಲ. 'ಹೊಂದಿಕೊಂಡು ಹೋಗಮ್ಮಾ' ಎಂದು ಕಳಿಸಿದ ಮೇಲೆ ಆ ಹೆಣ್ಣುಮಗಳಿಗೆ ಏನಾಯಿತು ಎಂದು ನೋಡಿಬರುವವರು ಕಡಿಮೆ. ಕೂರಿಸಿ ಮಾತನಾಡುವುದಾದರೆ ಮೊದಲು ಅವಳ ರಕ್ಷಣೆ, ಆಮೇಲೆ ಉಳಿದ ಮಾತು. ಅವಳು ದೂರು ಕೊಡುತ್ತೇನೆ ಎಂದರೆ ಅಡ್ಡ ಬರಬಾರದು.

ಗಡಿ ದಾಟಿದ ಮದುವೆ, ಯಾವ ಕೋರ್ಟು?

ನಮ್ಮಲ್ಲಿ ಬೀಗರು ಗಡಿಯ ಎರಡೂ ಕಡೆ ಇರುತ್ತಾರೆ. ಅಕ್ಕಲಕೋಟೆಯ ಮಗಳು ಇಂಡಿಗೆ, ಮಂಜೇಶ್ವರದ ಮಗಳು ಬಂಟ್ವಾಳಕ್ಕೆ, ಬಳ್ಳಾರಿಯ ಮಗಳು ಆದೋನಿಗೆ ಸೊಸೆಯಾಗಿ ಹೋಗುತ್ತಾಳೆ. ತೊಂದರೆಯಾದಾಗ 'ಆ ರಾಜ್ಯದ ಕೋರ್ಟಿಗೆ ಯಾರು ಅಲೆಯುತ್ತಾರೆ' ಎಂದು ತವರಿನವರು ಕೈಬಿಡುವುದುಂಟು. ಅಲೆಯಬೇಕಿಲ್ಲ.

2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ, 2005ರ 27ನೇ ಕಲಮಿನ ಪ್ರಕಾರ, ಹೆಂಗಸು ಈಗ ಎಲ್ಲಿ ಇದ್ದಾಳೋ ಅಲ್ಲಿನ ಮ್ಯಾಜಿಸ್ಟ್ರೇಟರ ಬಳಿಯೇ ಅರ್ಜಿ ಕೊಡಬಹುದು. ತಾತ್ಕಾಲಿಕವಾಗಿ ತವರಲ್ಲಿ ಇದ್ದರೂ ಆಗುತ್ತದೆ. ಅಲ್ಲಿ ಕೊಟ್ಟ ಆದೇಶ ದೇಶದ ಎಲ್ಲ ಕಡೆ ನಡೆಯುತ್ತದೆ. ರಕ್ಷಣೆಯ ಆದೇಶ ಮೀರಿದವನಿಗೆ ಒಂದು ವರ್ಷದ ತನಕ ಜೈಲು ಅಥವಾ 20,000 ರೂ. ತನಕ ದಂಡ, ಇಲ್ಲವೇ ಎರಡೂ ಆಗಬಹುದು. ಈ ಕಾಯ್ದೆ ಹೆಂಡತಿಗೆ ಮಾತ್ರವಲ್ಲ, ಒಂದೇ ಮನೆಯಲ್ಲಿರುವ ತಾಯಿ, ಅಕ್ಕತಂಗಿಯರಿಗೂ ಅನ್ವಯ. ಮ್ಯಾಜಿಸ್ಟ್ರೇಟರು ಗಂಡನನ್ನು ಆಪ್ತಸಲಹೆಗೆ ಕಳಿಸಲು 14ನೇ ಕಲಮಿನಲ್ಲಿ ಅವಕಾಶ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಮೇಲಿನ ಕ್ರಿಮಿನಲ್ ದೂರು ಹಿಂದೆ 498-ಎ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. ಗಂಡನ ಮನೆಯಿಂದ ಹೊರಬಿದ್ದ ಹೆಂಗಸು ಆಶ್ರಯ ಪಡೆದ ಊರಲ್ಲೇ ಈ ದೂರು ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ತಾಲೂಕು ಮತ್ತು ಜಿಲ್ಲಾ ಕಾನೂನು ಸೇವಾ ಸಮಿತಿಗಳಲ್ಲಿ ವಕೀಲರ ನೆರವು ಉಚಿತ. ಮಹಿಳಾ ಸಹಾಯವಾಣಿ 181, ಪೊಲೀಸ್ ನೆರವು 112.

ಈ ಅಂಕೆಗಳನ್ನು ಮನೆಯ ಹೆಣ್ಣುಮಕ್ಕಳ ಫೋನಿನಲ್ಲಿ ಬರೆದುಕೊಡಿ. ಗಂಡುಮಕ್ಕಳಿಗೆ ಮಾತ್ರ ನಂಬರು ಕೊಟ್ಟರೆ ಸಾಲದು. ಸಿಟ್ಟು ಬಂದಾಗ ಅಪ್ಪ ಎದ್ದು ಹೊರಗೆ ಹೋಗಿ, ತಣ್ಣಗಾಗಿ ಬಂದು ಮಾತನಾಡುವುದನ್ನು ಅವರು ಕಣ್ಣಾರೆ ನೋಡಬೇಕು. ನಾಳೆ ಅವರೂ ಯಾರದೋ ಮಗಳ ಗಂಡಂದಿರಾಗುವವರು.