ಮೋಟಾರಿನ ಹಸಿವು, ಬ್ಯಾಟರಿಯ ಕಾವಲು

ವಿದ್ಯುತ್ ಸ್ಕೂಟರಿನ ಬ್ಯಾಟರಿಯೊಳಗೆ ಒಬ್ಬ ಕಾವಲುಗಾರನಿದ್ದಾನೆ. ಪ್ರವಾಹವು ಮಿತಿಮೀರಿದೊಡನೆ ವಿದ್ಯುನ್ಮಂಡಲವನ್ನು ಕಡಿಯುವುದು ಅವನ ಕೆಲಸ. ಆದರೆ ಮಿತಿಯೆಂದರೆ ಎಷ್ಟು? ದೀಪ ಉರಿಸುವ ಬ್ಯಾಟರಿಗೆ ಈ ಪ್ರಶ್ನೆ ಅಷ್ಟು ತೊಡಕಿನದಲ್ಲ. ಮೋಟಾರಿನ ಸಂಗತಿ ಬೇರೆ. ಹೊರಡುವ ಗಳಿಗೆಯಲ್ಲಿ ಅದು ನ್ಯಾಯವಾಗಿ ಕೇಳುವ ಪ್ರವಾಹವೂ ಅಪಾಯದ ಪ್ರವಾಹದಂತೆಯೇ ಕಾಣುತ್ತದೆ.

ಒಂದು ಲೆಕ್ಕವನ್ನು ಮಾಡಿನೋಡೋಣ. 48 ವೋಲ್ಟುಗಳ ಬ್ಯಾಟರಿಗೆ ಸರಳವಾದ ಡಿ.ಸಿ. ಮೋಟಾರನ್ನು ನೇರವಾಗಿ ಜೋಡಿಸಿದೆವೆನ್ನಿ. ಬ್ಯಾಟರಿ ಮತ್ತು ತಂತಿಗಳ ರೋಧ 0.05 ಓಮ್, ಮೋಟಾರಿನ ಸುರುಳಿಯ ರೋಧ 0.07 ಓಮ್, ಒಟ್ಟು 0.12 ಓಮ್. ಮೋಟಾರು ನಿಂತಿರುವಾಗ ಓಮನ ನಿಯಮದಂತೆ ಪ್ರವಾಹವು 48 ÷ 0.12, ಅಂದರೆ 400 ಆಂಪಿಯರು! ಸುರುಳಿ ತಿರುಗತೊಡಗಿದರೆ ಅದು ತಾನೇ ಜನರೇಟರಿನಂತಾಗಿ, ಬ್ಯಾಟರಿಗೆ ಎದುರಾದ ವಿದ್ಯುಚ್ಚಾಲಕ ಬಲವನ್ನು ಹುಟ್ಟಿಸುತ್ತದೆ. 1834ರಲ್ಲಿ ಲೆನ್ಸ್ ಪ್ರಕಟಿಸಿದ ನಿಯಮಕ್ಕೆ ಇದೊಂದು ನಿದರ್ಶನ. ವೇಗವೇರಿ ಈ ಎದುರುಬಲವು 45.6 ವೋಲ್ಟಾದಾಗ ಉಳಿಯುವುದು 2.4 ವೋಲ್ಟು ಮಾತ್ರ. ಪ್ರವಾಹವು 20 ಆಂಪಿಯರಿಗೆ ಇಳಿಯುತ್ತದೆ. ಚಕ್ರವು ಹಳ್ಳದಲ್ಲಿ ಸಿಕ್ಕಿ ನಿಂತರೆ ಮತ್ತೆ 400. ತಂತಿಯ ಹೊದಿಕೆ ಸವೆದು ಎರಡು ಧ್ರುವಗಳು ನೇರವಾಗಿ ಕೂಡಿದರೆ, ಅಂದರೆ ಷಾರ್ಟ್ ಸರ್ಕ್ಯೂಟ್ ಆದರೆ, 48 ÷ 0.05, ಅಂದರೆ 960 ಆಂಪಿಯರು.

ಪ್ರವಾಹದಿಂದ ಹುಟ್ಟುವ ಶಾಖವು ಪ್ರವಾಹದ ವರ್ಗ, ರೋಧ ಮತ್ತು ಕಾಲ ಇವುಗಳ ಗುಣಲಬ್ಧ. ಪ್ರವಾಹವು 20ರಿಂದ 400ಕ್ಕೆ, ಎಂದರೆ ಇಪ್ಪತ್ತು ಪಟ್ಟಿಗೆ, ಏರಿದರೆ ಶಾಖವು ನಾನೂರು ಪಟ್ಟು ಹೆಚ್ಚುತ್ತದೆ. ಲಿಥಿಯಂ-ಅಯಾನ್ ಕೋಶವು ಅತಿಯಾಗಿ ಕಾದರೆ ಅದರೊಳಗಿನ ರಾಸಾಯನಿಕ ಕ್ರಿಯೆಗಳೇ ಮತ್ತಷ್ಟು ಶಾಖವನ್ನು ಹುಟ್ಟಿಸಿ ಬೆಂಕಿಗೆ ಕಾರಣವಾಗಬಲ್ಲವು. ಆದರೆ ಕಾಯುವುದಕ್ಕೂ ಕಾಲ ಬೇಕಷ್ಟೆ. ಆ ಕಾಲವೇ ಕಾವಲುಗಾರನಿಗೆ ದೊರೆತ ಸುಳಿವು.

ಬ್ಯಾಟರಿಯ ಹಾದಿಯಲ್ಲಿ ಅತ್ಯಲ್ಪ ರೋಧದ ಲೋಹದ ಪಟ್ಟಿಯೊಂದನ್ನು ಇಡುತ್ತಾರೆ. ಅದರ ರೋಧ ಅರ್ಧ ಮಿಲಿಓಮ್ ಆಗಿದ್ದರೆ, 100 ಆಂಪಿಯರು ಹರಿದಾಗ ಅದರ ತುದಿಗಳ ನಡುವೆ 50 ಮಿಲಿವೋಲ್ಟು ತೋರುತ್ತದೆ. ಇದನ್ನು ಅಳೆಯುವ ಮಂಡಲವು ಪ್ರವಾಹದ ಜೊತೆಗೆ ಅದು ಹರಿದ ಕಾಲವನ್ನೂ ಎಣಿಸುತ್ತದೆ. ಪ್ರವಾಹ ತುಸು ಹೆಚ್ಚಾದರೆ ಕೆಲವು ಸೆಕೆಂಡು ಸೈರಿಸುತ್ತದೆ. ಬಹಳ ಹೆಚ್ಚಾದರೆ ಸೆಕೆಂಡಿನ ಒಂದು ಅಂಶ ಮಾತ್ರ. ಷಾರ್ಟ್ ಸರ್ಕ್ಯೂಟ್ ಆದರೆ ಸೆಕೆಂಡಿನ ಸಾವಿರದ ಒಂದಂಶಕ್ಕಿಂತಲೂ ಬೇಗನೆ ಟ್ರಾನ್ಸಿಸ್ಟರ್ ಸ್ವಿಚ್ಚುಗಳು ಪ್ರವಾಹವನ್ನು ಕಡಿಯಬಲ್ಲವು. ಅವೂ ಕೆಟ್ಟರೆ ಕೊನೆಯ ಕಾವಲು ಫ್ಯೂಸ್.

ಹಾಗೆಂದು ಕಾವಲುಗಾರನಿಗೆ ದಿನವೂ ಕೆಲಸ ಬೀಳಬಾರದು. ಏರುದಾರಿಯಲ್ಲಿ, ಲಾರಿಗಳ ನಡುವೆ, ಮೋಟಾರು ಥಟ್ಟನೆ ಸ್ತಬ್ಧವಾದರೆ ಸವಾರನ ಪ್ರಾಣಕ್ಕೇ ಸಂಚಕಾರ. ಆದುದರಿಂದಲೇ ಮೋಟಾರಿನ ನಿಯಂತ್ರಕವು ಪ್ರವಾಹವನ್ನು ಬ್ಯಾಟರಿಯ ಮಿತಿಗಿಂತ ಕೆಳಗೇ ತಡೆದಿಡುವಂತೆ ಏರ್ಪಡಿಸುತ್ತಾರೆ.

ಫ್ಯೂಸ್ ಪದೇ ಪದೇ ಹೋದರೆ ಅಲ್ಲಿ ದಪ್ಪ ತಂತಿಯನ್ನು ಸುತ್ತುವವರುಂಟು, ಮನೆಯ ಎ.ಸಿ. ಫ್ಯೂಸನ್ನು ಹಾಕುವವರೂ ಉಂಟು. ಎರಡೂ ಸಲ್ಲದು. ನಮ್ಮ ಮನೆಗಳ ಎ.ಸಿ. ಪ್ರವಾಹವು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ, ಫ್ಯೂಸ್ ಕರಗಿದಾಗ ಹೊತ್ತಿದ ಕಿಡಿ ಆರಲು ಎಡೆಯಿದೆ. ಬ್ಯಾಟರಿಯ ಪ್ರವಾಹಕ್ಕೆ ಅಂತಹ ವಿರಾಮವಿಲ್ಲ. ಕಿಡಿ ಉರಿಯುತ್ತಲೇ ಇರಬಹುದು. ಫ್ಯೂಸ್ ಹೋಗುವುದು ರೋಗವಲ್ಲ, ರೋಗದ ಲಕ್ಷಣ. ಮೊದಲು ಹುಡುಕಬೇಕಾದದ್ದು ಪ್ರವಾಹ ಹೆಚ್ಚಲು ಕಾರಣವೇನೆಂಬುದನ್ನು.